ನಕ್ಷೆಯಲ್ಲಿಲ್ಲದ ಬಾಣಗಳು

ನಾವು ನೋಡಿಕೊಳ್ಳುತ್ತಿದ್ದ ಬಿಲ್ಲಿಂಗ್ ತಂತ್ರಾಂಶದ ವಿನ್ಯಾಸ ನಕ್ಷೆಯಲ್ಲಿ ಇದ್ದದ್ದು ನಾಲ್ಕೇ ಚೌಕಗಳು: ಪರದೆ, ಸೇವೆ, ವ್ಯವಹಾರದ ನಿಯಮಗಳು, ಡೇಟಾಬೇಸ್. ಪ್ರತಿಯೊಂದು ಪದರವೂ ತನ್ನ ಕೆಳಗಿನ ಪದರವನ್ನು ಮಾತ್ರ ಬಳಸಬೇಕಿತ್ತು; ಚೌಕಗಳ ನಡುವಿನ ಬಾಣಗಳು ತೋರಿಸುತ್ತಿದ್ದದ್ದು ಇದನ್ನೇ. ಜಾವಾ ಕೋಡ್ ನಿಜಕ್ಕೂ ಹಾಗಿದೆಯೇ ಎಂದು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಗೇಲ್ ಮರ್ಫಿ, ಡೇವಿಡ್ ನಾಟ್ಕಿನ್ ಮತ್ತು ಕೆವಿನ್ ಸಲಿವನ್ 1995ರಲ್ಲಿ ಮಂಡಿಸಿದ ರಿಫ್ಲೆಕ್ಷನ್ ಮಾದರಿಯನ್ನೇ ನಾನು ಅನುಸರಿಸಿದೆ. ಯಾವ ಪ್ಯಾಕೇಜ್ (ಕ್ಲಾಸ್‌ಗಳೆಂಬ ಕೋಡ್ ಘಟಕಗಳ ಗುಂಪು) ಯಾವ ಚೌಕಕ್ಕೆ ಸೇರುತ್ತದೆ ಎಂದು ಮೊದಲು ಬರೆದುಕೊಂಡು, ಕೋಡ್‌ನಿಂದ ತೆಗೆದ ಅವಲಂಬನೆಗಳನ್ನು, ಅಂದರೆ ಯಾವ ಭಾಗ ಯಾವುದನ್ನು ಬಳಸುತ್ತದೆ ಎಂಬುದನ್ನು, ನಕ್ಷೆಯ ಬಾಣಗಳೊಂದಿಗೆ ಹೋಲಿಸಿದರೆ, ಎರಡರಲ್ಲೂ ಇರುವವು, ಕೋಡ್‌ನಲ್ಲಿ ಮಾತ್ರ ಇರುವವು, ನಕ್ಷೆಯಲ್ಲಿ ಮಾತ್ರ ಇರುವವು ಎಂಬ ಮೂರು ಗುಂಪುಗಳು ದೊರೆಯುತ್ತವೆ. ಹೋಲಿಕೆಗಿಂತ ಹೆಚ್ಚು ಸಮಯ ತಿಂದದ್ದು ಮೊದಲ ಹೆಜ್ಜೆಯೇ. ‘ಕಾಮನ್’ ಎಂಬ ಪ್ಯಾಕೇಜ್, ಮನೆಯ ಅಟ್ಟದಂತೆ, ಎಲ್ಲರೂ ಎಲ್ಲವನ್ನೂ ತುಂಬಿದ ಜಾಗವಾಗಿದ್ದರಿಂದ ಅದನ್ನು ಕ್ಲಾಸ್‌ಗಳ ಮಟ್ಟದಲ್ಲೇ ಬಿಡಿಸಿ ಹಂಚಬೇಕಾಯಿತು.

ಅವಲಂಬನೆಗಳನ್ನು ತೆಗೆಯಲು ಜೆಡೆಪ್ಸ್ ಎಂಬ ಜಾವಾ ಸಾಧನವನ್ನು ಬಳಸಿದೆ. ಅದು ಓದುವುದು ಮೂಲ ಕೋಡನ್ನಲ್ಲ, ಅದನ್ನು ಕಂಪೈಲರ್ ಎಂಬ ತಂತ್ರಾಂಶ ಅನುವಾದಿಸಿ ಕೊಡುವ ಬೈಟ್‌ಕೋಡನ್ನು. ಈ ವ್ಯತ್ಯಾಸ ನನ್ನನ್ನು ದಾರಿ ತಪ್ಪಿಸಿತು. ಡೇಟಾಬೇಸ್ ಪದರದಲ್ಲಿ ‘ಸ್ಟ್ಯಾಟಿಕ್ ಫೈನಲ್’ ಎಂದು ಘೋಷಿಸಿದ ಸ್ಟ್ರಿಂಗ್ ಸ್ಥಿರಾಂಕವೊಂದನ್ನು (ಬದಲಾಗದ ಪಠ್ಯವೊಂದನ್ನು) ಪರದೆಯ ಕ್ಲಾಸ್ ನೇರವಾಗಿ ಬಳಸುತ್ತಿತ್ತು. ಆದರೆ ಅಂಥ ಸ್ಥಿರಾಂಕದ ಬೆಲೆಯನ್ನು ಕಂಪೈಲರ್ ಬಳಸಿದ ಜಾಗಕ್ಕೇ ನಕಲು ಮಾಡುವುದರಿಂದ, ಆ ಸಂಬಂಧದ ಸುಳಿವು ವರದಿಯಲ್ಲಿ ಇರಲೇ ಇಲ್ಲ. ಕೊನೆಗೆ ಪಠ್ಯ ಹುಡುಕುವ ಗ್ರೆಪ್ ಆದೇಶ ಹಾಕಿ, ಮೂಲ ಕೋಡ್‌ನಲ್ಲಿ ಬೇರೆ ಕ್ಲಾಸ್‌ಗಳನ್ನು ಹೆಸರಿಸುವ ಇಂಪೋರ್ಟ್ ಸಾಲುಗಳನ್ನು ಹುಡುಕಿ, ಎರಡು ಪಟ್ಟಿಗಳನ್ನು ಜೋಡಿಸಿ ನೋಡಿದೆ. ಕ್ಲಾಸ್‌ನ ಹೆಸರನ್ನು ಬರಿಯ ಪಠ್ಯವಾಗಿ ಕಾನ್ಫಿಗರೇಶನ್‌ನಲ್ಲಿ ಬರೆದಿದ್ದ ಕಡೆಗಳನ್ನಂತೂ ಕಣ್ಣಿಂದಲೇ ನೋಡಬೇಕಾಯಿತು.

ಕೋಡ್‌ನಲ್ಲಿ ಮಾತ್ರ ಇದ್ದ ಸಂಬಂಧಗಳೆಲ್ಲ ತಪ್ಪುಗಳಾಗಿರಲಿಲ್ಲ. ತಿಂಗಳ ವರದಿಯ ಸೇವೆ ನಿಯಮಗಳ ಪದರವನ್ನು ದಾಟಿ ನೇರವಾಗಿ ಡೇಟಾಬೇಸನ್ನು ಓದುತ್ತಿತ್ತು. ಕೇವಲ ಓದುವ ಕೆಲಸಕ್ಕೆ ನಡುವಿನ ಪದರ ಅನಗತ್ಯವೆಂದು ನಾನು ವಾದಿಸಿದೆ, ಸ್ವಲ್ಪ ಚರ್ಚೆಯ ನಂತರ ನಕ್ಷೆಗೇ ಬಾಣವೊಂದು ಸೇರಿತು.

ಯಾವ ಪದರ ಯಾವುದನ್ನು ಬಳಸಬಹುದೆಂಬ ಉಳಿದ ನಿಯಮಗಳನ್ನು, ಜಾವಾ ಕೋಡ್‌ನ ರಚನೆಯನ್ನು ಪರೀಕ್ಷಿಸುವ ಆರ್ಕ್‌ಯುನಿಟ್‌ನಲ್ಲಿ ಪರೀಕ್ಷೆಗಳಾಗಿ ಬರೆದೆ. ಹಳೆಯ ಉಲ್ಲಂಘನೆಗಳನ್ನು ಒಮ್ಮೆಲೇ ಸರಿಪಡಿಸುವುದು ಆಗದ ಮಾತಾದ್ದರಿಂದ, ಅವುಗಳನ್ನು ಕಡತದಲ್ಲಿ ದಾಖಲಿಸಿಟ್ಟು ಹೊಸದು ಕಂಡರೆ ಮಾತ್ರ ಬಿಲ್ಡ್ (ಕೋಡನ್ನು ಜೋಡಿಸಿ ಪರೀಕ್ಷಿಸುವ ಪ್ರಕ್ರಿಯೆ) ನಿಲ್ಲಿಸುವ ಅದರ ‘ಫ್ರೀಝ್’ ಸೌಲಭ್ಯವನ್ನು ಬಳಸಿ, ಆ ಕಡತವನ್ನು ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ಗೆ ಸೇರಿಸಿದೆ. ಸರಿಪಡಿಸಿದವು ಪಟ್ಟಿಯಿಂದ ತಾವಾಗಿಯೇ ಬಿಟ್ಟುಹೋಗುತ್ತವೆ. ಆದರೆ ದಾಖಲೆಯಲ್ಲಿ ಕ್ಲಾಸ್‌ನ ಹೆಸರೂ ಇರುವುದರಿಂದ, ಸಹೋದ್ಯೋಗಿಯೊಬ್ಬರು ಹಳೆಯ ಕ್ಲಾಸ್ ಒಂದರ ಹೆಸರು ಬದಲಿಸಿದ ದಿನ ಹಳೆಯ ತಪ್ಪೇ ಹೊಸದೆಂದು ಎಣಿಕೆಯಾಗಿ ಬಿಲ್ಡ್ ನಿಂತಿತು. ಅವರು ಆ ಅವಲಂಬನೆಯನ್ನೇ ತೆಗೆದುಹಾಕಿದರು.