ಅಡಿಕೆ ಸೀಮೆಯಲ್ಲಿ ಬಾಯಿ ಕ್ಯಾನ್ಸರ್‌ನ ಜೀನ್‌ಗಳನ್ನು ಅಳೆಯುವುದು

ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಯಂತ್ರದಲ್ಲೇ ನಾವು ಬಾಯಿ ಕ್ಯಾನ್ಸರ್ ಗಡ್ಡೆಯ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆಯುತ್ತೇವೆ. ದಾವಣಗೆರೆಯಲ್ಲಿ ಈ ಕೆಲಸ ಮಾಡುತ್ತಾ ನನಗೆ ಖಚಿತವಾದದ್ದು ಇಷ್ಟು: ಅರ್ಧ ಫಲಿತಾಂಶ ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ತೀರ್ಮಾನವಾಗಿರುತ್ತದೆ.

ಜೀನ್ ಚುರುಕಾದಷ್ಟೂ ಅದರ ನಕಲಾದ ಆರ್‌ಎನ್‌ಎ ಹೆಚ್ಚುತ್ತದೆ. ನಾವು ಅಳೆಯುವುದು ಅದನ್ನೇ. ಗಡ್ಡೆಯನ್ನು ಕತ್ತರಿಸಿ ತೆಗೆದೊಡನೆ ಅದರೊಳಗಿನ ಆರ್‌ಎನ್‌ಎ ಕೆಡತೊಡಗುತ್ತದೆ. ಅದನ್ನು ಚೂರುಮಾಡುವ ಕಿಣ್ವಗಳು ನಮ್ಮ ಬೆರಳ ಮೇಲೂ ಇವೆ, ಎಂಜಲಿನಲ್ಲೂ ಇವೆ. ಬಾಯಿಯಿಂದ ತೆಗೆದ ತುಂಡಿನಲ್ಲಿ ಎಂಜಲಿಗೇನು ಬರ? ಹಾಗಾಗಿ ರಕ್ಷಕ ದ್ರಾವಣ ತುಂಬಿದ ಪುಟ್ಟ ಟ್ಯೂಬ್ ಹಿಡಿದು ನಾನೇ ಬಾಗಿಲಲ್ಲಿ ನಿಲ್ಲುತ್ತೇನೆ. ಪೆಥಾಲಜಿಗೆ ಹೋಗಬೇಕಾದ ಭಾಗವನ್ನು ಮುಟ್ಟುವಂತಿಲ್ಲ. ಸರ್ಜನ್ ಕೊಟ್ಟ ಚೂರನ್ನು ಅರ್ಧ ಸೆಂಟಿಮೀಟರಿಗಿಂತ ತೆಳ್ಳಗೆ ಕತ್ತರಿಸಿ ಮುಳುಗಿಸಬೇಕು. ದಪ್ಪಗಿದ್ದರೆ ದ್ರಾವಣ ಒಳಗಿಳಿಯದೆ ನಡುಭಾಗ ಹಾಳಾಗುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ರಾತ್ರಿಯೆಲ್ಲ ಫ್ರಿಜ್‌ನಲ್ಲಿ 4 ಡಿಗ್ರಿ, ಆಮೇಲೆ ಮೈನಸ್ 80.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಚನ್ನಗಿರಿ ಕಡೆಯ ಹಿರಿಯರೊಬ್ಬರು ಕೇಳಿದ್ದರು: “ಇದರಿಂದ ನನ್ನ ಚಿಕಿತ್ಸೆಗೆ ಏನಾದರೂ ಅನುಕೂಲವಿದೆಯೇ ಸಾರ್?” “ಇಲ್ಲ ಯಜಮಾನರೇ, ಮುಂದೆ ಬರುವವರಿಗೆ ಆಗಬಹುದು” ಎಂದೆ. ಬೇರೆ ಉತ್ತರ ಕೊಡುವುದು ಮೋಸ.

ಹೋಲಿಕೆಗೆ ಅದೇ ರೋಗಿಯ ಆರೋಗ್ಯವಂತ ಅಂಗಾಂಶ ಬೇಕು. ತೊಡಕಿರುವುದೇ ಇಲ್ಲಿ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದ ಬಾಯಿಯಲ್ಲಿ ಗಡ್ಡೆಯ ಆಚೆಗೂ, ಕಣ್ಣಿಗೆ ಸರಿಯಾಗಿ ಕಾಣುವ ಪೊರೆಯಲ್ಲೂ ಬದಲಾವಣೆ ಆಗಿರುತ್ತದೆ. ಆದಷ್ಟು ದೂರದ ಅಂಚಿನಿಂದ ತೆಗೆದು, ಪೆಥಾಲಜಿಸ್ಟ್ ನೋಡಿ ಸೈ ಎಂದ ಮೇಲಷ್ಟೇ ಬಳಸುತ್ತೇನೆ.

ಇನ್ನು ಲೆಕ್ಕ. ಯಂತ್ರದಲ್ಲಿ ಪ್ರತಿ ಸುತ್ತಿಗೂ ನಕಲುಗಳು ಇಮ್ಮಡಿಯಾಗುತ್ತಾ ಹೋಗುತ್ತವೆ. ಹಾಗಾಗಿ ಒಂದು ಸುತ್ತು ಮೊದಲೇ ಸಂಕೇತ ಬಂದರೆ ಸುಮಾರು ಎರಡು ಪಟ್ಟು, ಮೂರು ಸುತ್ತು ಮೊದಲಾದರೆ ಎಂಟು ಪಟ್ಟು ಆರ್‌ಎನ್‌ಎ ಇದೆ ಎಂದರ್ಥ. ಹಾಕಿದ ಮಾದರಿಯಲ್ಲೇ ಹೆಚ್ಚುಕಡಿಮೆ ಇರಬಹುದಾದ್ದರಿಂದ ಏರಿಳಿಯದ ಇನ್ನೊಂದು ಜೀನ್‌ಗೆ ಹೋಲಿಸಿ ಸರಿದೂಗಿಸುತ್ತೇವೆ. ಎಲ್ಲರೂ ಕಣ್ಣುಮುಚ್ಚಿ ಹಿಡಿಯುವುದು ಜಿಎಪಿಡಿಎಚ್. ಅದು ಸಕ್ಕರೆ ಒಡೆಯುವ ಕಿಣ್ವದ ಜೀನ್. ಕ್ಯಾನ್ಸರ್ ಕೋಶಗಳೋ ಸಕ್ಕರೆ ಬಾಕರು. ತೂಕದ ಕಲ್ಲೇ ಹಿಗ್ಗಿದರೆ ಮಂಡಿಯಲ್ಲಿ ಅಡಿಕೆ ತೂಗಿ ಏನು ಬಂತು? ನಾನು ಒಂದನ್ನೇ ನಂಬದೆ, ನಮ್ಮದೇ ಮಾದರಿಗಳಲ್ಲಿ ಸ್ಥಿರವಾಗಿರುವುದನ್ನು ಪರೀಕ್ಷಿಸಿ ಎರಡು ಮೂರು ಜೀನ್ ಇಟ್ಟುಕೊಳ್ಳುತ್ತೇನೆ. ಖರ್ಚು ಹೆಚ್ಚುತ್ತದೆ, ಹೆಚ್ಚಲಿ.

ಯಾವ ಜೀನ್ ಅಳೆಯಬೇಕೆಂದು ಆರಿಸಲು ಕ್ಯಾನ್ಸರ್ ಗಡ್ಡೆಗಳ ಜೀನ್ ಮಾಹಿತಿಯ ಕಣಜವಾದ ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಉಚಿತವಾಗಿ ಸಿಗುತ್ತದೆ. ತಲೆ-ಕುತ್ತಿಗೆಯ 279 ಗಡ್ಡೆಗಳ ವಿಶ್ಲೇಷಣೆಯನ್ನು ಅದು 2015ರಲ್ಲಿ ಪ್ರಕಟಿಸಿತು. ಅವರ ರೋಗಿಗಳಲ್ಲಿ ಹೆಚ್ಚಿನವರು ಧೂಮಪಾನಿಗಳು, ನಮ್ಮವರು ಜಗಿಯುವವರು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಹಾಗಾಗಿ ಅಲ್ಲಿ ಏರಿದ ಜೀನ್ ಇಲ್ಲಿ ಏರದಿದ್ದರೆ ಮೊದಲು ಪ್ರೈಮರ್, ಅಂದರೆ ಅಳೆಯಬೇಕಾದ ಜೀನನ್ನೇ ಹುಡುಕಿ ಹಿಡಿಯುವ ಡಿಎನ್‌ಎ ತುಣುಕು, ಸರಿಯಿದೆಯೇ ನೋಡುತ್ತೇನೆ. ಆಮೇಲೆ ರೋಗಿಯ ವಿವರದ ಫಾರಂನಲ್ಲಿ ಅಭ್ಯಾಸದ ಸಾಲು ಓದುತ್ತೇನೆ: ಬೀಡಿಯೋ, ಬರೀ ಅಡಿಕೆಯೋ, ಎರಡೂ ಉಂಟೋ ಎಂದು.