ಕ್ಲಿಕ್ ಇಲ್ಲದೆ ಹಾಡಿದ ಹಾಡಿಗೆ ಗ್ರಿಡ್ ಕೂರಿಸುವುದು ಹೇಗೆ

ರೆಕಾರ್ಡಿಂಗಿನಲ್ಲಿ ಭಾವಗೀತೆ ಹಾಡುವವರ ಕಿವಿಗೆ ನಾನು ಕ್ಲಿಕ್ (ಲಯ ತೋರಿಸುವ ಮೆಟ್ರೋನೋಮಿನ ‘ಟಕ್ ಟಕ್’ ಸದ್ದು) ಕೊಡುವುದಿಲ್ಲ. ತಬಲಾದವರ ಎದುರು ಕೂತು ಹಾಡಿದಾಗ ಸಾಲಿಗೆ ಬರುವ ಜೀವವೇ ಬೇರೆ. ಆದರೆ ಆಮೇಲೆ ಕೀಬೋರ್ಡಿನಲ್ಲಿ ಬೇಸ್, ಸ್ಟ್ರಿಂಗ್ಸ್ ಸೇರಿಸಬೇಕಲ್ವಾ? ಆಗ ಪ್ರಾಜೆಕ್ಟ್ ಟೆಂಪೋವೇ, ಅಂದರೆ ಸಾಫ್ಟ್‌ವೇರಿನಲ್ಲಿ ಇಟ್ಟ ವೇಗವೇ, ಹಾಡಿನ ಹಿಂದೆ ಹೋಗಬೇಕು. ಹಾಡನ್ನು ಕತ್ತರಿಸಿ ಗ್ರಿಡ್ಡಿಗೆ (ತೆರೆಯ ಮೇಲೆ ಬಾರ್, ಬೀಟ್ ತೋರಿಸುವ ಗೆರೆಗಳಿಗೆ) ಎಳೆಯಬೇಡಿ.

ಸುಮ್ನೆ ಒಂದೇ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಹಾಕಿದರೆ ಸಾಲದು. ಕೆಹರ್ವಾ ತಾಳದ ಎಂಟು ಮಾತ್ರೆಗೆ (ಬೀಟಿಗೆ), ಅಂದರೆ ಒಂದು ಆವರ್ತನಕ್ಕೆ, ಪಲ್ಲವಿಯಲ್ಲಿ 5.2 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. 60×8÷5.2, ಅಂದರೆ ಸುಮಾರು 92.3 ಬಿಪಿಎಂ. ಚರಣದಲ್ಲಿ ಅದೇ ಆವರ್ತನ 5 ಸೆಕೆಂಡಿಗೆ ಮುಗಿದರೆ 96. ಟೆಂಪೋ 92.3ರಲ್ಲೇ ಇದ್ದರೆ, ಚರಣದ ಐದು ಆವರ್ತನ ಕಳೆಯುವಷ್ಟರಲ್ಲಿ ಗ್ರಿಡ್ ಪೂರ್ತಿ ಒಂದು ಸೆಕೆಂಡ್ ಹಿಂದೆ ಬಿದ್ದಿರುತ್ತದೆ.

ನಾನು ಬಳಸುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಮೊದಲು ಆಡಿಯೋ ಐಟಂಗಳನ್ನೆಲ್ಲ (ರೆಕಾರ್ಡ್ ಆದ ತುಣುಕುಗಳನ್ನೆಲ್ಲ) ಆರಿಸಿ ಎಫ್2 ಒತ್ತಿ, ಟೈಮ್‌ಬೇಸನ್ನು ‘ಟೈಮ್’ ಮಾಡಿ. ಇದನ್ನು ಬಿಟ್ಟರೆ ಟೆಂಪೋ ಬದಲಾದಂತೆ ರೆಕಾರ್ಡಿಂಗೇ ಹಿಗ್ಗಬಹುದು, ಕುಗ್ಗಬಹುದು. ಟೈಮ್ ಸಿಗ್ನೇಚರ್ 8/4 (ಒಂದು ಬಾರಿಗೆ ಎಂಟು ಬೀಟ್) ಇಡಿ. ಆಗ ಒಂದು ಬಾರ್ ಅಂದರೆ ಒಂದು ಆವರ್ತನ, ಲೆಕ್ಕ ತಪ್ಪುವುದಿಲ್ಲ.

ಈಗ ತಬಲಾದ ಐಟಂ ಮಾತ್ರ ಆರಿಸಿ ಚೆನ್ನಾಗಿ ಝೂಮ್ ಮಾಡಿ. ಟ್ಯಾಬ್ ಕೀ ಒತ್ತಿದ ಹಾಗೆ ಕರ್ಸರ್ ಮುಂದಿನ ಪೆಟ್ಟಿಗೆ ಹಾರುತ್ತದೆ. ಸಮದ (ಆವರ್ತನದ ಮೊದಲ ಮಾತ್ರೆಯ) ‘ಧಾ’ ಹುಡುಕಿ. ಬಲಗೈ ಪೆಟ್ಟಿನ ಚೂಪು ತುದಿ ಒಂದು ಕಾಣುತ್ತದೆ, ಅದರ ಬೆನ್ನಿಗೇ ಡಗ್ಗಾದ (ಎಡಗೈಯ ದೊಡ್ಡ ತಬಲಾದ) ದಪ್ಪ ಅಲೆ. ಚೂಪು ತುದಿಯನ್ನೇ ಹಿಡಿಯಿರಿ. ಅಲ್ಲಿಂದ ಮುಂದಿನ ಸಮದವರೆಗೆ ಟೈಮ್ ಸೆಲೆಕ್ಷನ್ ಎಳೆದು, ರೂಲರ್ (ಮೇಲಿನ ಸಮಯದ ಪಟ್ಟಿ) ಮೇಲೆ ರೈಟ್ ಕ್ಲಿಕ್ ಮಾಡಿ. ‘ಕ್ರಿಯೇಟ್ ಮೆಷರ್ ಫ್ರಮ್ ಟೈಮ್ ಸೆಲೆಕ್ಷನ್’ ಅಂತ ಎರಡಿವೆ, ‘ಡಿಟೆಕ್ಟ್ ಟೆಂಪೋ’ ಅಂತ ಇರುವುದನ್ನು ಒತ್ತಿ. ಹೀಗೇ ಹಾಡಿನ ಕೊನೆಯವರೆಗೆ.

ಪ್ರತಿ ಮಾತ್ರೆಗೂ ಹೀಗೆ ಟೆಂಪೋ ಮಾರ್ಕರ್ (ವೇಗ ಬದಲಾಗುವ ಗುರುತು) ಬೇಡ, ಸಮಕ್ಕೆ ಮಾತ್ರ ಸಾಕು. ಆವರ್ತನದ ಒಳಗಿನ ಸಣ್ಣ ಏರಿಳಿತ ತಬಲಾದವರ ಕೈಗುಣ, ಅದು ಹಾಗೇ ಇರಲಿ. ಶುರುವಿನ ಆಲಾಪಕ್ಕೂ ಗ್ರಿಡ್ ಬೇಡ. ತಿಹಾಯಿ (ಒಂದೇ ಬೋಲು ಮೂರು ಸಲ ಬಂದು ಮುಗಿಯುವುದು) ಬಂದ ಕಡೆ ಪೆಟ್ಟು ನೋಡಿ ಮೋಸ ಹೋಗುವುದು ಸುಲಭ, ಕೈಯಲ್ಲಿ ತಾಳ ಹಾಕಿಯೇ ಎಣಿಸಿ.

ಲಾಜಿಕ್‌ನಲ್ಲಿ (ಆಪಲ್ ಕಂಪನಿಯ ಇಂಥದೇ ಇನ್ನೊಂದು ಸಾಫ್ಟ್‌ವೇರ್) 2018ರಿಂದ ಸ್ಮಾರ್ಟ್ ಟೆಂಪೋ ಇದೆ, ಅಲ್ಲಿ ‘ಅಡಾಪ್ಟ್’ ಆರಿಸಿದರೆ ಟೆಂಪೋ ತಾನಾಗೇ ಹಾಡನ್ನು ಹಿಂಬಾಲಿಸುತ್ತದೆ. ಆದರೂ ತಾನಾಗೇ ಹುಡುಕುವ ಯಾವ ಸಾಧನವನ್ನೂ ಪೂರ್ತಿ ನಂಬಬೇಡಿ. 92ರ ಹಾಡನ್ನು 46 ಅಥವಾ 184 ಅಂತ ಓದಿಬಿಡಬಹುದು.

ಕೊನೆಗೆ ಮೆಟ್ರೋನೋಮ್ ಹಾಕಿ ಕಣ್ಣು ಮುಚ್ಚಿ ಕೇಳಿ. ಕ್ಲಿಕ್ ‘ಧಾ’ದೊಳಗೆ ಅಡಗಿದರೆ ಸರಿಯಾಗಿದೆ. ‘ಟಟಕ್’ ಅಂತ ಎರಡಾಗಿ ಕೇಳಿಸಿದರೆ ಆ ಮಾರ್ಕರ್ ಸ್ವಲ್ಪ ಸರಿಸಿ. ಇಷ್ಟಾದ ಮೇಲೆ ಬೇಸ್ ನುಡಿಸಿ. ಕ್ವಾಂಟೈಸ್ (ನುಡಿಸಿದ ಸ್ವರಗಳನ್ನು ಗ್ರಿಡ್ಡಿಗೆ ಎಳೆಯುವುದು) ಮಾತ್ರ ಶೇ. 80 ದಾಟದಿರಲಿ, ಅದಕ್ಕಿಂತ ಜಾಸ್ತಿ ಆದರೆ ಬೇಸ್ ತಬಲಾದಿಂದ ಬೇರೆಯಾಗಿ ಕೇಳುತ್ತದೆ.