ಅಪ್ಪನ ನಂಬರ್ ನಿಲ್ಲಿಸುವ ಮೊದಲು

ಅಪ್ಪ ಮನೆಯಲ್ಲೇ ತೀರಿಕೊಂಡರು, ಬೆಳಗಿನ ಜಾವ. ತಮ್ಮ ಅಳುತ್ತಲೇ ಸಂಬಂಧಿಕರಿಗೆ ಫೋನ್ ಮಾಡಲು ಹೊರಟಿದ್ದ. ಮೊದಲು ಡಾಕ್ಟರಿಗೆ ಮಾಡೋ ಅಂದೆ. ಮನೆಯಲ್ಲಿ ಸಾವಾದಾಗ ಡಾಕ್ಟರು ಬಂದು ನೋಡಿ, ಸಾವಿನ ಕಾರಣ ಬರೆದುಕೊಡದೆ ಮುಂದಿನ ಕಾಗದಪತ್ರ ಸಾಮಾನ್ಯವಾಗಿ ಸಾಗುವುದಿಲ್ಲ. ಅಪ್ಪನನ್ನು ನೋಡುತ್ತಿದ್ದ ಡಾಕ್ಟರೇ ಬಂದಿದ್ದರಿಂದ ನಮಗೆ ಸಲೀಸಾಯಿತು. ಅಪಘಾತವಾಗಿದ್ದರೆ, ಕಾರಣ ಗೊತ್ತಾಗದಿದ್ದರೆ ಪೊಲೀಸರಿಗೆ ತಿಳಿಸಬೇಕು, ಅವರು ಬರುವವರೆಗೆ ದೇಹವನ್ನು ಅಲುಗಿಸಬಾರದು.

ಡಾಕ್ಟರು ಎರಡೇ ಪ್ರಶ್ನೆ ಕೇಳಿದರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರಾ? ಕಣ್ಣು ದಾನ ಕೊಡುತ್ತೀರಾ? ಪೇಸ್‌ಮೇಕರ್‌ನ ಬ್ಯಾಟರಿ ಬೆಂಕಿಗೆ ಸಿಡಿಯಬಹುದು, ಹಾಗಾಗಿ ದಹನಕ್ಕೆ ಮುಂಚೆ ಅದನ್ನು ತೆಗೆಸಲೇಬೇಕು. ಕಣ್ಣನ್ನು ಸಾಮಾನ್ಯವಾಗಿ 6 ಗಂಟೆಯೊಳಗೆ ತೆಗೆದುಕೊಂಡರೆ ಒಳ್ಳೆಯದು, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಗಾಳಿಗೆ ಒಣಗದಂತೆ ಫ್ಯಾನ್ ಆರಿಸಬೇಕು ಎಂದರು. ನಾವಿನ್ನೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅಮ್ಮ ಮಾತಿಲ್ಲದೆ ಎದ್ದು ಹೋಗಿ ಫ್ಯಾನಿನ ಸ್ವಿಚ್ ಆರಿಸಿದರು.

ಆಮೇಲಿನದು ಮರಣ ಪ್ರಮಾಣಪತ್ರ. ಅರ್ಜಿಯಲ್ಲಿ ಅಪ್ಪನ ಹೆಸರನ್ನು ತಮ್ಮ, ನಾವು ಬರೆಯುವ ರೂಢಿಯಂತೆ, ಇನಿಷಿಯಲ್ ಹಾಕಿ ಬರೆದುಬಿಟ್ಟ. ಬ್ಯಾಂಕಿನ ದಾಖಲೆಯಲ್ಲಿ ಅದು ಪೂರ್ತಿಯಾಗಿ, ಬಿಡಿಸಿ ಇತ್ತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ತಿದ್ದುಪಡಿ ಅರ್ಜಿ, ಓಡಾಟ, ಐದು ವಾರ. ಅರ್ಜಿ ತುಂಬುವಾಗ ಗುರುತಿನ ಚೀಟಿ ಎದುರಿಗಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ನೋಡಿ ಬರೆಯಿರಿ. ದೃಢೀಕರಿಸಿದ ಪ್ರತಿಗಳನ್ನು ಒಟ್ಟಿಗೇ ಹತ್ತು ಪಡೆಯಿರಿ. ನಾವು ಮೂರು ತಂದಿದ್ದೆವು, ಒಂದೊಂದು ಕಡೆ ಒಂದೊಂದು ಸಿಕ್ಕಿಹಾಕಿಕೊಂಡು ಕೆಲಸ ನಿಂತಿತು.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಫೋನಿನ ವಿಷಯ. ಮೂರನೇ ವಾರ, ಸುಮ್ಮನೆ ಬಿಲ್ ಯಾಕೆ ಕಟ್ಟೋದು ಅಂತ ಅಪ್ಪನ ನಂಬರ್ ನಿಲ್ಲಿಸಿಬಿಟ್ಟೆವು. ಮನೆಯವರೆಲ್ಲ ಕೂತು ಒಪ್ಪಿದ ತೀರ್ಮಾನವೇ ಅದು. ಆದರೆ ಅಪ್ಪನ ಇಮೇಲ್, ವಿಮೆಯ ಖಾತೆ, ವಿದ್ಯುತ್ ಬಿಲ್ ಎಲ್ಲಕ್ಕೂ ಒಟಿಪಿ ಬರುತ್ತಿದ್ದದ್ದು ಅದೇ ನಂಬರಿಗೆ. ಯಾವ ವಿಮೆ ಇದೆ, ಯಾವ ಸಾಲದ ಕಂತು ಬಾಕಿ ಇದೆ ಎಂದು ನೆನಪಿಸುವ ಮೆಸೇಜುಗಳೂ ಅಲ್ಲಿಗೇ. ನಂಬರ್ ಹೋದ ದಿನವೇ ಅಪ್ಪನ ಅರ್ಧ ಲೆಕ್ಕಾಚಾರ ನಮಗೆ ಕಾಣದಾಯಿತು. ಪುಣ್ಯಕ್ಕೆ ಅದನ್ನಿನ್ನೂ ಬೇರೆಯವರಿಗೆ ಕೊಟ್ಟಿರಲಿಲ್ಲ. ಮರಣ ಪ್ರಮಾಣಪತ್ರ ತೋರಿಸಿ ಅಮ್ಮನ ಹೆಸರಿಗೆ ಮಾಡಿಸಿಕೊಂಡೆವು. ಕಡಿಮೆ ದುಡ್ಡಿನ ಪ್ಲಾನಿಗೆ ಇಳಿಸಿ, ಕನಿಷ್ಠ ಒಂದು ವರ್ಷ ನಂಬರ್ ಉಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಕಟ್ಟುವ ಕಂತುಗಳು ಒಂದು ಸುತ್ತು ಬಂದು ಹೋಗಬೇಕಲ್ಲ.

ಇಲ್ಲೊಂದು ಎಚ್ಚರಿಕೆ. ಫೋನ್ ಕೈಯಲ್ಲಿದೆ, ಪಿನ್ ಗೊತ್ತಿದೆ ಅಂತ ದುಡ್ಡು ತೆಗೆಯಬೇಡಿ, ಅಂತ್ಯಕ್ರಿಯೆಯ ಖರ್ಚಿಗೇ ಆದರೂ. ತೀರಿಕೊಂಡವರ ಕಾರ್ಡ್ ಬಳಸುವುದು ಕಾನೂನಿನ ತೊಡಕಿಗೆ ದಾರಿ, ಅದಕ್ಕಿಂತ ಹೆಚ್ಚಾಗಿ ಅಣ್ಣತಮ್ಮಂದಿರ ನಡುವೆ ಸಂಶಯಕ್ಕೆ ದಾರಿ. ತಮ್ಮ ಪರವಾಗಿ ವ್ಯವಹರಿಸಲು ತೀರಿಕೊಂಡವರು ನಿಮಗೆ ಕೊಟ್ಟಿದ್ದ ಮುಖ್ತಿಯಾರ್ ಪತ್ರವೂ ಸಾಮಾನ್ಯವಾಗಿ ಅವರ ಸಾವಿನೊಂದಿಗೇ ಮುಗಿಯುತ್ತದೆ. ನಾವು ಸ್ವಂತ ದುಡ್ಡು ಹಾಕಿ, ರಸೀದಿಗಳನ್ನೆಲ್ಲ ಒಂದು ಲಕೋಟೆಯಲ್ಲಿ ಕೂಡಿಟ್ಟೆವು. ಆಸ್ತಿ ಭಾಗದ ಮಾತು ಬಂದಾಗ ಆ ಲಕೋಟೆ ಎಷ್ಟು ಮನಸ್ತಾಪ ತಪ್ಪಿಸಿತೋ!

ಬ್ಯಾಂಕು, ವಿಮೆ, ಪಿಂಚಣಿ ಕಚೇರಿಗೆಲ್ಲ ಬರವಣಿಗೆಯಲ್ಲೇ ತಿಳಿಸಿ, ಸ್ವೀಕೃತಿ ಪಡೆಯಿರಿ. ಪಿಂಚಣಿಯವರಿಗೆ ತಡ ಮಾಡಬೇಡಿ, ಸಾವಿನ ನಂತರ ಜಮಾ ಆದ ಹಣವನ್ನು ವಾಪಸ್ ಕೇಳುತ್ತಾರೆ.

ಇಮೇಲ್, ಫೋಟೋಗಳ ಕತೆ ಬೇರೆ. ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂದು 2023ರಲ್ಲಿ ಪ್ರಕಟಿಸಿದೆ. ಆಪಲ್‌ನಲ್ಲಿ ಬದುಕಿದ್ದಾಗಲೇ ವಾರಸುದಾರರನ್ನು ಸೂಚಿಸಿ ಕೀಲಿ (ಆಕ್ಸೆಸ್ ಕೀ ಎಂಬ ಕೋಡ್) ಕೊಟ್ಟಿದ್ದರೆ, ಆ ಕೀಲಿ ಮತ್ತು ಮರಣ ಪ್ರಮಾಣಪತ್ರ ತೋರಿಸಿ ಫೋಟೋಗಳನ್ನು ಪಡೆಯಬಹುದು. ಫೇಸ್‌ಬುಕ್‌ನಲ್ಲೂ 2015ರಿಂದ ಅಂಥದೊಂದು ವ್ಯವಸ್ಥೆ ಇದೆ. ಅಪ್ಪ ಎಲ್ಲೂ ಏನೂ ಸೂಚಿಸಿರಲಿಲ್ಲ. ಫೋನಿನಲ್ಲಿದ್ದಷ್ಟನ್ನು ನಾನೇ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿದೆ, ಎರಡು ಭಾನುವಾರ ಹಿಡಿಯಿತು.

ಹದಿನಾಲ್ಕು ತಿಂಗಳಾದ ಮೇಲೆ, ಒಂದೂ ಹೊಸ ಮೆಸೇಜ್ ಬರದೆ ಎರಡು ತಿಂಗಳು ಕಳೆದಾಗ, ನಂಬರ್ ನಿಲ್ಲಿಸೋಣ ಅಂದೆ. ಅಮ್ಮ ಒಂದು ದಿನ ತಡಿ ಅಂದರು. ಅಪ್ಪ ಕಳಿಸಿದ್ದ ಧ್ವನಿ ಸಂದೇಶಗಳನ್ನು ತಮ್ಮ ಆ ರಾತ್ರಿ ಅಮ್ಮನ ಫೋನಿಗೆ ಹಾಕಿಕೊಟ್ಟ. ಮೊದಲನೆಯದು ಹನ್ನೊಂದು ಸೆಕೆಂಡಿನದು: "ನಾನು ಬರೋದು ತಡ ಆಗುತ್ತೆ, ಕಾಯಬೇಡ, ಚಿಲಕ ಮಾತ್ರ ಹಾಕ್ಕೋ." ಅಮ್ಮ ಅದನ್ನು ಎರಡು ಸಲ ಕೇಳಿ, ನಾಳೆ ಹೋಗಿ ನಂಬರ್ ನಿಲ್ಲಿಸಿ ಬಾ ಅಂದರು.